ಹಂದರದ ಬಿದಿರು

೧೯೮೪ರ ಮೇ ೩೧, ಗುರುವಾರ. ಖಾನಾಪುರ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಗುರುಪುತ್ರಪ್ಪನವರು ಲಿಂಗಪೂಜೆ ಮುಗಿಸಿ ಕುರ್ಚಿಗೆ ಬಂದು ಕೂಡುವಷ್ಟರಲ್ಲಿ ಇಟಗಿಯ ರೇಣವ್ವ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಗಂಡ ಸಾತಪ್ಪ ನಿನ್ನೆ ಗೌಂಡಿ ಕೆಲಸದಾಗ ಪರಾಂಚಿ ಮ್ಯಾಲಿಂದ ಬಿದ್ದಾನ್ರೀ. ಬೆಳಗಾವಿ ದವಾಖಾನ್ಯಾಗ ಮಲಗ್ಯಾನ. ಕಾಲು ಅಳ್ಳಾಡಸಾಕ ಬರವಲ್ದು. ಮನ್ಯಾಗ ಮದಿವಿಗೆ ಬಂದ ಮಗಳದಾಳ. ಗುತ್ತೇದಾರ ಅಡವೆಪ್ಪ ಸಾವಕಾರ್ರು, ಅಂವಾ ಕುಡದು ಬಿದ್ದ, ಪರಿಹಾರ ಕೇಳಬ್ಯಾಡ ಅಂತಾರ. ಅಂವಾ ಕುಡಿಯೂ ಮನಶ್ಯಾನ ಅಲ್ರೀ."

"ಎಲ್ಲಾರ ಹೆಂಡರೂ ಹಂಗ ಅಂತಾರಬೇ," ಎಂದ ಹೆಡ್ ಕಾನ್‌ಸ್ಟೇಬಲ್ ದುಂಡಪ್ಪ.

"ನಿಮ್ಮ ಮನಿಯಾಕಿನೂ ಅಂತಾಳೇನ್ರೀ?"

ದುಂಡಪ್ಪ ಬರೆಯಲು ಕುಳಿತ. ನಿರ್ಲಕ್ಷ್ಯದಿಂದ ತೀವ್ರ ಗಾಯ, ಐಪಿಸಿ ಕಲಂ ೩೩೮. ಎಫ್‌ಐಆರ್ ದಾಖಲಾಯಿತು.

ಸಾಹೇಬರು ಬರೆದದ್ದನ್ನು ಮತ್ತೊಮ್ಮೆ ಓದಿದರು. ಗಾಯಗೊಂಡವನು ಕುಡಿದಿದ್ದನೆಂದು ಸಾಬೀತಾದರೆ ಕಾಯ್ದೆಯ ಪ್ರಕಾರ ಅವನಿಗೆ ಪರಿಹಾರವಿಲ್ಲ. ಕೆಲಸ ಹಿಡಿದ ಗುತ್ತೇದಾರನೂ ಆಳು ತಂದ ಮೇಸ್ತ್ರಿಯೂ ಕೈ ತೊಳೆದುಕೊಳ್ಳುತ್ತಾರೆ. ನಡ ಮುರಿದ ಮನುಷ್ಯ, ಎದೆಮಟ ಬೆಳೆದ ಮಗಳು, ಈ ಹೆಣ್ಣುಮಗಳು ಒಬ್ಬಳೇ. ಶಿವನೇ, ನನ್ನ ಕೈಯಿಂದ ತಪ್ಪು ಬರೆಸಬೇಡ ಎಂದುಕೊಂಡು ಎದ್ದರು.

ಸಾತಪ್ಪ ಬಿದ್ದಿದ್ದು ಸ್ಟೇಷನ್ ರಸ್ತೆಯ ಗೋದಾಮಿನಲ್ಲಿ. ಅದರ ಗೋಡೆಗೆ, ಮೇಲೆ ನಿಂತು ಗಾರೆ ಬಳಿಯಲು ಕಟ್ಟಿದ ಬಿದಿರಿನ ಪರಾಂಚಿ ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಹಗ್ಗಗಳು ಹರಿದಿರಲಿಲ್ಲ, ಗಂಟು ಬಿಚ್ಚಿದ ಹಾಗೆ ಸುರುಳಿಯಾಗಿ ಕೆಳಗೆ ಬಿದ್ದಿದ್ದವು. ಕಂಬಗಳ ಮೈತುಂಬ ಸಿಮೆಂಟಿನ ಸಿಡಿ. ಎರಡು ಕಡೆ ಮಾತ್ರ, ಪರಾಂಚಿ ವಾಲದಂತೆ ಓರೆಯಾಗಿ ಊರೆಗೋಲು ಕಟ್ಟಿದ್ದ ಜಾಗದಲ್ಲಿ, ಬಿದಿರು ತೊಳೆದಿಟ್ಟಂತೆ ಸ್ವಚ್ಛವಿತ್ತು.

"ಇಲ್ಲಿದ್ದ ಊರೆಗೋಲು ಎಲ್ಲಿ ಹೋದುವು?"

"ನನಗೇನ್ ಗೊತ್ತರೀ?" ಎಂದ ಅಡವೆಪ್ಪ. "ಪರಾಂಚಿ ಕಟ್ಟಿದಾಂವ ಮೇಸ್ತ್ರಿ ಬೀರಣ್ಣ. ಆಳು ಅವಂದು, ಹೊಣಿನೂ ಅವಂದ."

"ನಿನ್ನೆ ಅಮಾಸಿ. ಅಮಾಸಿ ದಿನ ಗೌಂಡ್ಯಾರು ಕೆಲಸಾ ಮಾಡೂದಿಲ್ಲ, ಕರಣಿ ಮುಟ್ಟೂದಿಲ್ಲ. ಇವರನ್ನ ಕರದಾವ್ರು ಯಾರು?"

ಅಡವೆಪ್ಪ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಮಳಿ ಬಂದು ನಿಂತೈತ್ರಿ. ಗ್ವಾಡಿ ಗಿಲಾವ್ ಮುಗೀಬೇಕಿತ್ತು. ನನ್ನ ಜೀಪ್ ಕಳಿಸಿದ್ದೆ."

"ಬೀರಣ್ಣಗ ಹೇಳಿದ್ರಿ?"

"ಅಂವಾ ಮನ್ಯಾಗ ಇರಲಿಲ್ಲ."

ಬೀರಣ್ಣ ರೇಣವ್ವನ ಒಡಹುಟ್ಟಿದ ಅಣ್ಣ. ಅವನ ಹೇಳಿಕೆಯೂ ಆಯಿತು. ಸಾತಪ್ಪನ ಬಾಯಿಂದ ಕುಡಿದ ವಾಸನೆ ಬರುತ್ತಿತ್ತು ಎಂದವನು, ಊರೆಗೋಲಿನ ಮಾತು ಬರುತ್ತಲೇ ದವಾಖಾನೆಗೆ ಹೋಗಬೇಕೆಂದು ಎದ್ದ.

ಮರುದಿನ ಮುಂಜಾನೆ ಬೆಳಗಾವಿಯ ದವಾಖಾನೆಯಲ್ಲಿ ಸಾತಪ್ಪ ಸೂರು ನೋಡುತ್ತ ಮಲಗಿದ್ದ. ಸಾಹೇಬರು ಮಂಚದ ಪಕ್ಕ ಕೂತರು.

"ಏರೂಕಿಂತ ಮೊದಲ ಗಂಟು ನೋಡಲಿಲ್ಲೇನೋ?"

"ಹೆಂಡ್ತಿ ಅಣ್ಣ ಕಟ್ಟಿದ ಗಂಟರೀ. ನೋಡಿದ್ರ ಅವಗ ಅವಮಾನ ಮಾಡಿದಂಗ."

"ಕುಡದಿದ್ದಿ ಅಂತ ಅಂವನ ಹೇಳ್ಯಾನ."

ಸಾತಪ್ಪನ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಒರೆಸಿಕೊಳ್ಳಲು ಅವನು ಕೈ ಎತ್ತಲಿಲ್ಲ.

ಅವನನ್ನು ತಂದ ಕೂಡಲೇ ಡಾಕ್ಟರರು ಬೆನ್ನು ನೋಡಿದ್ದರು, ಕುಡಿದ ವಾಸನೆ ಇದೆಯೇ ಎಂದು ಬಾಯಿ ನೋಡಿರಲಿಲ್ಲ. ಹಾಗಾಗಿ ಎಲ್ಲವೂ ಬೀರಣ್ಣನ ಒಂದು ಮಾತಿನ ಮೇಲೆ ನಿಂತಿತ್ತು.

ರೇಣವ್ವನಿಂದ ಇನ್ನೊಂದು, ಪುರವಣಿ ಹೇಳಿಕೆ ಪಡೆಯಲೆಂದು ಗುರುಪುತ್ರಪ್ಪನವರು ಅಲ್ಲಿಂದಲೇ ಇಟಗಿಗೆ ಹೋದರು. ಅಂಗಳ ಸಾರಿಸಿ, ಗೋಡೆಗೆ ಸುಣ್ಣ ಬಳಿದಿತ್ತು. ಮಗಳು ಚಂದ್ರವ್ವನ ಮದುವೆ ಗೊತ್ತಾಗಿತ್ತು. ಗೋಡೆಯ ಬುಡದಲ್ಲಿ ಎರಡು ಉದ್ದ ಬಿದಿರು ಮಲಗಿದ್ದವು, ತುದಿಗೆ ಅರಿಶಿನ ಹಚ್ಚಿತ್ತು. ಅರಿಶಿನದ ಕೆಳಗೆ ಸಿಮೆಂಟಿನ ಸಿಡಿ.

"ಇವನ್ನ ಯಾರು ತಂದ್ರವ್ವ?"

ರೇಣವ್ವ ಬಿದಿರನ್ನು ನೋಡಿದಳು, ಸಾಹೇಬರನ್ನು ನೋಡಿದಳು. ಮದುವೆ ಹಂದರದ ಮೊದಲ ಗಳ ಸೋದರಮಾವನ ಹೆಗಲ ಮೇಲೆ ಬರಬೇಕೆಂಬುದು ಆ ಸೀಮೆಯ ಪದ್ಧತಿ. ಹೇಳಿದರೆ ಅಣ್ಣ ಲಾಕಪ್ಪಿಗೆ, ಹೇಳದಿದ್ದರೆ ಗಂಡ ಕುಡುಕ. ಒಳಗೆ ಒಲೆಯ ಮೇಲಿನ ಹಾಲು ಉಕ್ಕಿ ಸುಟ್ಟ ವಾಸನೆ ಬಂದರೂ ಅವಳು ಕದಲಲಿಲ್ಲ.

"ನಮ್ಮಣ್ಣ," ಎಂದಳು. "ಅಮಾಸಿ ದಿನ, ಮುಂಜಾನೆದ್ದು. ಬರಕೋರ್ರಿ."

ಬೀರಣ್ಣ ದವಾಖಾನೆಯ ಪಡಸಾಲೆಯಲ್ಲಿ, ಸಾತಪ್ಪನ ಕೋಣೆಯ ಹೊರಗೇ ಸಿಕ್ಕ. ಹೇಳಿಕೆ ಕೊಟ್ಟಾಗಿನಿಂದ ಅಲ್ಲೇ ಇದ್ದನಂತೆ, ಮುಂಜಾನೆ ಸಾಹೇಬರು ಬಂದಾಗ ಮರೆಗೆ ಸರಿದಿದ್ದ; ಒಳಗೆ ಮಾತ್ರ ಹೋಗಿರಲಿಲ್ಲ. ಬೇಡಿ ನೋಡಿ ಎದ್ದು ನಿಂತ.

"ಅಮಾಸಿ ದಿನ ಯಾರೂ ಏರೂದಿಲ್ಲ ಅಂತ ಬಿಚ್ಚಿದ್ನಿರೀ. ಮರುದಿನ ಬ್ಯಾರೆ ತಂದು ಕಟ್ಟಾಂವ ಇದ್ದೆ."

"ಕುಡದಿದ್ದ ಅಂತ ಯಾಕ ಹೇಳಿದಿ?"

"ಸಾವಕಾರ್ರು ಕಿವ್ಯಾಗ ಹೇಳಿದ್ರು, ಹಿಂಗಂದ್ರ ಇಬ್ಬರೂ ಪಾರು ಅಂತ. ಅಂದ ಮ್ಯಾಲ ನಾಲಿಗಿ ಹಿಂದ ತಗೋಳಾಕ ಬರಲಿಲ್ಲ."

ಅದೇ ಸಂಜೆ ಅಡವೆಪ್ಪನ ದಸ್ತಗಿರಿಯೂ ಆಯಿತು. ಊರೆಗೋಲು ಬಿಚ್ಚಿದವನು ಒಬ್ಬ, ಬಿಚ್ಚಿದ ಪರಾಂಚಿಗೆ ಆಳು ಏರಿಸಿದವನು ಇನ್ನೊಬ್ಬ. ವರದಿಯಲ್ಲಿ ಇಬ್ಬರ ಹೆಸರೂ ಸೇರಿದವು. ಯಾರ ಪಾಲಿಗೆ ಎಷ್ಟು ಹೊಣೆ ಎಂದು ಹಂಚುವುದು ಪರಿಹಾರದ ಕಮಿಷನರರಿಗೆ ಬಿಟ್ಟದ್ದು. ಸಾತಪ್ಪ ಕುಡಿದಿರಲಿಲ್ಲ ಎಂಬ ವಾಕ್ಯವನ್ನು ಗುರುಪುತ್ರಪ್ಪನವರು ತಮ್ಮ ಕೈಯಾರೆ ಬರೆದರು.

ಬೀರಣ್ಣನನ್ನು ಈ ಕೆಲಸಕ್ಕೆ ನೂಕಿದ್ದು ಕಳ್ಳತನದ ಆಸೆಯಲ್ಲ. ರೇಣವ್ವನ ಮದುವೆಗೆ ಹಂದರ ಹಾಕಲು ಅವರ ಮನೆಯಲ್ಲಿ ಒಂದು ಗಳವೂ ಇರದೆ, ಬೀಗರು ಬಿಸಿಲಲ್ಲಿ ಉಂಡು ನಕ್ಕು ಹೋಗಿದ್ದರು. ಆ ನಗು ತಂಗಿಯ ಮಗಳಿಗೂ ತಟ್ಟಬಾರದೆಂದು ಅವನು ಗಂಟು ಬಿಚ್ಚಿದ್ದ.

ಶನಿವಾರ ಬೆಳಿಗ್ಗೆ ರೇಣವ್ವ ಎರಡು ಬುತ್ತಿ ಹಿಡಿದು ಠಾಣೆಗೆ ಬಂದಳು. ಒಂದನ್ನು ದುಂಡಪ್ಪನ ಕೈಗಿತ್ತಳು.

"ಇದು ಒಳಗಿದ್ದಾವಗ ಕೊಡ್ರಿ. ಇನ್ನೊಂದು ದವಾಖಾನಿಗೆ."

"ಮದಿವಿ ಏನು ಮಾಡಿದ್ರವ್ವ?"

"ಮುಂದ ಹಾಕೀವ್ರಿ. ಸೋದರಮಾವ ಬಿಡುಗಡಿ ಆಗಿ ಬಂದ ಮ್ಯಾಲ," ಎಂದು ಸೆರಗು ಬಿಗಿದು, ಅವಳು ಬೆಳಗಾವಿ ಬಸ್ಸಿಗೆ ನಡೆದಳು.