ಅಂಜಿಕೆಯ ಸೊನ್ನೆ

ಏಳನೇ ತರಗತಿಯಲ್ಲಿ ಭಿನ್ನರಾಶಿಯ ಪಾಠ ನಡೆದಿತ್ತು. ಹೊರಗೆ ಗಸ್ತು ತಿರುಗುತ್ತಿದ್ದ ಶಾಲಾ ಪೊಲೀಸ್ ಪೇದೆ ಶಿವಲೀಲಾ ತಳವಾರ ಆ ಕಿಟಕಿಯ ಬಳಿ ಬರುವಷ್ಟರಲ್ಲಿ ಅವಳ ಮಣಿಕಟ್ಟಿನ ಪಟ್ಟಿ ಕೆಂಪಾಗಿ ಮಿಡಿಯಿತು. ಪಟ್ಟಿಯ ಮೇಲೆ ಹೆಸರೂ ಮೂಡಿತು: ಕಸ್ತೂರಿ ಭಜಂತ್ರಿ, ಮೂರನೆಯ ಬೆಂಚು. ಶಿವಲೀಲಾ ಬಾಗಿಲು ತಳ್ಳಿ ಒಳಗೆ ಬಂದಳು.

"ಎದ್ದು ನಿಲ್ಲು. ಕೈಯಾಗ ಏನೈತಿ?"

"ಪೆನ್ಸಿಲ್ರಿ."

"ಕೊಡಿಲ್ಲಿ."

"ಅದಕ್ಕ ಮೊನೀನ ಇಲ್ರಿ ಮೇಡಂ," ಹಿಂದಿನ ಬೆಂಚಿನಿಂದ ಒಬ್ಬಳು ಅಂದಳು. "ನಿನ್ನಿಯಿಂದ ನನ್ನ ಶಾರ್ಪ್‌ನರ್ ಕೇಳಾಕತ್ತಾಳ."

ತರಗತಿ ನಕ್ಕಿತು. ಕಸ್ತೂರಿ ನಗಲಿಲ್ಲ. ಅದು ಅವಳ ಮೂರನೆಯ ಕೆಂಪು.

ಪಟ್ಟಿಗೆ ಸುದ್ದಿ ಕಳಿಸಿದ್ದು ಚಾವಣಿಗೆ ಅಂಟಿಸಿದ, ಚಪಾತಿಯಷ್ಟು ಅಗಲದ ಒಂದು ಬಿಲ್ಲೆ; ಅದಕ್ಕೆ 'ಮುನ್ನರಿ' ಎಂದು ಹೆಸರು. ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು ಅದು ಪ್ರತಿ ಮಗುವಿನ ಎದೆಯ ಮೇಲೆ ಬೀಳಿಸಿ, ಮರಳಿ ಬಂದ ಅಲೆಯ ನಡುಕದಿಂದ ಉಸಿರನ್ನೂ ನಾಡಿಯನ್ನೂ ಎಣಿಸುತ್ತಿತ್ತು. ಮನುಷ್ಯ ಹೊಡೆಯಲು ಕೈ ಎತ್ತುವ ಕೆಲವು ನಿಮಿಷ ಮೊದಲೇ ಎದೆಬಡಿತ ಏರಿ, ಉಸಿರು ಗಿಡ್ಡವಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಬಿಲ್ಲೆಯ ಜೊತೆಗೆ ಶಾಲೆಗೊಬ್ಬರಂತೆ ಪೊಲೀಸರೂ ಬಂದರು. ಬೇಕೋ ಬೇಡವೋ ಎಂಬ ವಾದ ಎರಡು ವರ್ಷ ನಡೆದು, ಬೇಕೆಂದ ಪಾಲಕರ ಸಹಿಗಳೇ ಗೆದ್ದಿದ್ದವು. ವರ್ಷದೊಳಗೆ ಮೂರು ಸಲ ಕೆಂಪು ಬಂದರೆ ಮಗುವನ್ನು ಜಿಲ್ಲಾ ಕೇಂದ್ರದ ತಿದ್ದುಶಾಲೆಗೆ ಕಳಿಸಬೇಕೆಂಬುದು ನಿಯಮ. ಅಲ್ಲಿಗೆ ಹೋದ ಹೆಣ್ಣುಮಕ್ಕಳು ಹೆಚ್ಚಾಗಿ ಮರಳಿ ಶಾಲೆಗೆ ಬರುತ್ತಿರಲಿಲ್ಲ. ಮನೆಯವರು ಮದುವೆ ಮಾಡಿ ಮುಗಿಸುತ್ತಿದ್ದರು.

ಕಳಿಸುವ ಮುನ್ನ ಯಂತ್ರದ ದಾಖಲೆಯನ್ನು ತಜ್ಞರು ಒಪ್ಪಬೇಕಿತ್ತು. ಹಾಗಾಗಿ ಮುನ್ನರಿಯನ್ನು ಕಂಡುಹಿಡಿದ ಡಾ. ಇಂದುಮತಿ ಹೊಸಕೇರಿ ಬಸರಿಕಟ್ಟಿಯ ಆ ಶಾಲೆಗೆ ಬಂದರು. ಅವರ ತಮ್ಮ ಎಂಟನೇ ತರಗತಿಯಲ್ಲಿದ್ದಾಗ ಜಗಳದಲ್ಲಿ ಯಾರೋ ಎಸೆದ ಕೈವಾರಕ್ಕೆ ಒಂದು ಕಣ್ಣು ಕಳೆದುಕೊಂಡಿದ್ದ. ಇನ್ನೊಂದು ಮಗುವಿಗೆ ಹಾಗಾಗಬಾರದೆಂದು ಅವರು ಹನ್ನೊಂದು ವರ್ಷ ದುಡಿದಿದ್ದರು.

"ಯಾರ ಮ್ಯಾಲೆ ಸಿಟ್ಟವ್ವಾ ನಿನಗ?" ಎಂದು ಅವರು ಕಸ್ತೂರಿಯನ್ನು ಕೇಳಿದರು.

"ಯಾರ ಮ್ಯಾಲೂ ಇಲ್ರಿ."

"ಮತ್ತ ಎದಿ ಯಾಕ ಹಂಗ ಬಡಕೊಂತು?"

ಹುಡುಗಿ ಬಾಗಿಲಲ್ಲಿ ನಿಂತ ಶಿವಲೀಲಾಳ ಬೂಟನ್ನೇ ನೋಡಿದಳು. "ನಮ್ಮಪ್ಪ ಮದುವಿಗೆ ಶಹನಾಯಿ ಊದಾಕ ಹೋಗಿದ್ದರಿ. ಸರ ಕಳುವಾತಂತ ಪೊಲೀಸ್ರು ಅವನ್ನ ಹಿಡಕೊಂಡು ಹೋದ್ರು. ಸರ ಬೀಗರ ಚೀಲದಾಗ ಸಿಕ್ತು. ಆದ್ರ ಅಪ್ಪ ಎರಡು ದಿನ ಬಿಟ್ಟು ಬಂದ. ಈಗ ಊದಾಕ ಆಗೂದಿಲ್ರಿ ಅವಂಗ. ಹಲ್ಲಿಲ್ಲ."

ಶಿವಲೀಲಾ ತಲೆ ತಗ್ಗಿಸಿದಳು. "ಆ ಠಾಣೆ ನಂದಲ್ರಿ ಮೇಡಂ," ಎಂದಳು, ಯಾರೂ ಕೇಳದಿದ್ದರೂ.

ಇಂದುಮತಿ ವರ್ಷದ ದಾಖಲೆಯನ್ನು ಹರವಿಕೊಂಡು ಕೂತರು. ಮೊದಲ ಮೂರು ವಾರಗಳಲ್ಲಿ ಕಸ್ತೂರಿಯ ನಾಡಿಯ ಗೆರೆ ಕೆರೆಯ ನೀರಿನಂತೆ ಸಮವಾಗಿತ್ತು. ನಾಲ್ಕನೆಯ ವಾರದಿಂದ ಎಲ್ಲ ಮಕ್ಕಳ ಗೆರೆಗಳೂ ಎದ್ದಿದ್ದವು. ಅವಳದು ಎಲ್ಲರಿಗಿಂತ ಮೇಲೆ. ತಕ್ಕಡಿಯ ಮುಳ್ಳನ್ನು ಮೊದಲು ನಡುವೆ ನಿಲ್ಲಿಸುವಂತೆ, ಪ್ರತಿ ಶಾಲೆಯಲ್ಲೂ ಮೊದಲ ಮೂರು ವಾರಗಳ ನಾಡಿಯನ್ನೇ ಮುನ್ನರಿ ಶಾಂತಿಯ ಅಳತೆ, ಅಂದರೆ ಸೊನ್ನೆ, ಎಂದು ಹಿಡಿದಿತ್ತು.

"ಶಿವಲೀಲಾ, ಆ ಮೂರು ವಾರ ಏನ್ ಬ್ಯಾರೆ ಇತ್ತು?"

"ಏನಿಲ್ಲ ಬಿಡ್ರಿ. ನಮ್ಮ ಖಾಕಿ ಡ್ರೆಸ್ ಹೊಲದು ಬಂದಿರ್ಲಿಲ್ಲ. ಜಿಲ್ಲಾಕ್ಕೆಲ್ಲ ಒಬ್ಬಾಂವನ ಟೇಲರು, ಏನ್ ಮಾಡೂದು? ಸೀರಿ ಉಟ್ಕೊಂಡ ಬರ್ತಿದ್ದೆ. ಬಿಸಿಯೂಟ ಬಡಸ್ತಿದ್ದೆ. ಈ ಕಸ್ತೂರೀನ ನನಗ ಜಡಿ ಹಾಕ್ತಿದ್ಲು." ಅವಳು ನಕ್ಕಳು. ಒಂದು ಕ್ಷಣದ ನಂತರ ನಗುವುದನ್ನು ನಿಲ್ಲಿಸಿದಳು.

ಮರುದಿನ ಇಂದುಮತಿಯ ಮಾತಿನಂತೆ ಅವಳು ಹಸಿರು ಸೀರೆಯಲ್ಲಿ ಬಂದಳು. ಸಂಜೆಯವರೆಗೆ ಮಣಿಕಟ್ಟಿನ ಪಟ್ಟಿ ಒಮ್ಮೆಯೂ ಮಿಡಿಯಲಿಲ್ಲ.

"ನನ್ನ ನೋಡಿ ಅಂಜ್ತಾವಂತ ಯಂತ್ರಾನ ಹೇಳ್ಬೇಕಾತಲ್ರಿ," ಎಂದಳು ಶಿವಲೀಲಾ. "ಖಾಕಿ ಮೊದಲ ಸಲ ತೊಟ್ಟ ದಿನ ನಮ್ಮವ್ವ ದೃಷ್ಟಿ ತಗದಿದ್ಲು."

ಶುಕ್ರವಾರ ಶಾಲೆಗಳ ಸುರಕ್ಷಾ ಮಂಡಳಿಯ ಸಭೆಯಲ್ಲಿ ಇಂದುಮತಿ ಎಲ್ಲವನ್ನೂ ವಿವರಿಸಿದರು. ಸಿಟ್ಟಿಗೂ ಭಯಕ್ಕೂ ಎದೆ ಒಂದೇ ಥರ ಬಡಿಯುತ್ತದೆ, ಯಂತ್ರಕ್ಕೆ ಭೇದ ತಿಳಿಯದು. ಖಾಕಿ ಕಂಡು ಮಗು ಹೆದರಿದರೆ ಕೆಂಪು, ಕೆಂಪು ಕಂಡು ಖಾಕಿ ಹತ್ತಿರ ಬಂದರೆ ಇನ್ನಷ್ಟು ಕೆಂಪು. "ಪೊಲೀಸರನ್ನ ಶಾಲಿಯಿಂದ ತಗೀರಿ," ಎಂದರು.

ಮಂಡಳಿಯ ಅಧ್ಯಕ್ಷ ಗುರುಪಾದಪ್ಪ ಗೌರವದಿಂದಲೇ ಕೇಳಿಸಿಕೊಂಡರು. "ತಪ್ಪು ಛಲೋ ಹುಡುಕೀರಿ, ಮೇಡಂ. ಡ್ರೆಸ್ ಬರೂಕಿಂತ ಮೊದಲ ಸೊನ್ನೆ ಹಿಡದದ್ದ ತಪ್ಪು. ಈಗ ಡ್ರೆಸ್ ಬಂದೈತಿ. ಮತ್ತ ಹಿಡೀರಿ."

"ಅಂದ್ರ ಅಂಜಿಕಿನ್ನ ಶಾಂತಿ ಅಂತ ಬರಕೊಳ್ಳೂದೇನ್ರಿ?"

"ನೀವು ಹಿಡದ್ರ ಹಳೇ ಕೆಂಪೆಲ್ಲ ರದ್ದು, ಹುಡುಗಿ ಇಲ್ಲೇ ಕಲೀತಾಳ. ಇಲ್ಲಂದ್ರ ನಿಯಮ ನಿಯಮಾನ. ಸೋಮವಾರ ತಿದ್ದುಶಾಲಿ ಗಾಡಿ ಬರ್ತೈತಿ."

ಗೋಡೆಗೆ ಒರಗಿ ನಿಂತಿದ್ದ ಕಸ್ತೂರಿಯ ಅಪ್ಪ ಎರಡೂ ಕೈ ಜೋಡಿಸಿದ. ಇಂದುಮತಿ ದಾಖಲೆ ಮಡಚಿಟ್ಟು, ಹೊಸ ಸೊನ್ನೆ ಹಿಡಿಯಲು ಒಪ್ಪಿದರು.

ಶನಿವಾರ ಬೆಳಿಗ್ಗೆ ಏಳನೇ ತರಗತಿಯಲ್ಲಿ ಶಿವಲೀಲಾ ಖಾಕಿ ತೊಟ್ಟು ಕರಿಹಲಗೆಯ ಪಕ್ಕ ನಿಂತಳು. "ಕೈ ಕಟ್ಟ್ರಿ, ಬಾಯಿ ಮ್ಯಾಲೆ ಬಟ್ಟು," ಎಂದರು ಗಣಿತದ ಮೇಷ್ಟ್ರು. ಮೂವತ್ತೆಂಟು ಮಕ್ಕಳು ಒಂದು ಕೈ ಎದೆಗೆ ಕಟ್ಟಿ, ಇನ್ನೊಂದು ಕೈಯ ಬೆರಳನ್ನು ತುಟಿಗಿಟ್ಟು ಕೂತರು. ಕಸ್ತೂರಿಯ ನಾಡಿ ನೂರ ಇಪ್ಪತ್ತಾರಕ್ಕೆ ಏರಿ ಅಲ್ಲೇ ನಿಂತಿತು. ಇಂದುಮತಿ ಸ್ವಲ್ಪ ಹೊತ್ತು ಕಾದರು, ಅದು ಇಳಿಯಲಿಲ್ಲ. ಅವರು ಗುಂಡಿ ಒತ್ತಿದರು. ಪರದೆಯ ಮೇಲೆ ಎಲ್ಲ ಹೆಸರುಗಳ ಮುಂದೆಯೂ ಸೊನ್ನೆ ಮೂಡಿತು, ಹಸಿರು ಅಕ್ಷರದಲ್ಲಿ.

"ಎಷ್ಟು ಶಾಂತ ಕುಂತಾವ ನೋಡ್ರಿ," ಎಂದು ಮೇಷ್ಟ್ರು ಮೆಚ್ಚಿಕೊಂಡರು.

ಚಿಕ್ಕಂದಿನಲ್ಲಿ ತನ್ನನ್ನು ಅದೇ ಭಂಗಿಯಲ್ಲಿ ಕೂರಿಸಿದ್ದ ಯಾವ ಮೇಷ್ಟ್ರ ಬಳಿಯೂ ಯಂತ್ರವಿರಲಿಲ್ಲ ಎಂಬುದು ಇಂದುಮತಿಗೆ ಆಗ ನೆನಪಾಯಿತು. ಅವರ ಅವ್ವನನ್ನೂ ಶಾಲೆಯಲ್ಲಿ ಹಾಗೆಯೇ ಕೂರಿಸಿದ್ದರಂತೆ. ಅದನ್ನು ಶಿಸ್ತು ಅನ್ನುತ್ತಿದ್ದರು. ಒಬ್ಬರೂ ನಾಡಿ ಹಿಡಿದು ನೋಡಿರಲಿಲ್ಲ.