ಉಪ್ಪು ಹತ್ತದ ಚಡ್ಡಿ

೧೯೮೪ರ ಏಪ್ರಿಲ್‌ನಲ್ಲಿ ಕಿಮೋ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಹೊಲಿಗೆ ಮಷೀನಿನಿಂದ ತಲೆ ಎತ್ತಲಿಲ್ಲ. ಆರು ವರ್ಷದಿಂದ ಇದೇ ನಡೆದಿತ್ತು. ನನಗೆ ಸಾಕಾಗಿಹೋಗಿತ್ತು.

"ನಮಸ್ಕಾರ್ರಿ ಇಂದೂ," ಎಂದ. ನಮ್ಮಪ್ಪನಿಂದ ಕಲಿತ ಕನ್ನಡ. ಬೀದಿನಾಯಿಗೂ ರೀ ಹಚ್ಚಿಯೇ ಮಾತಾಡಿಸುತ್ತಾನೆ.

ಅವನು ಹವಾಯಿಯವನು. ಚಳಿಗಾಲದಲ್ಲಿ ಅಲ್ಲಿ ಮೂರಂತಸ್ತಿನ ಮನೆಯಷ್ಟು ಎತ್ತರದ ಅಲೆಗಳು ಏಳುತ್ತವಂತೆ. ಹಲಗೆಯ ಮೇಲೆ ನಿಂತು ಅವುಗಳಿಂದ ಜಾರಿ ಇಳಿಯುವುದೇ ಅವನ ಉದ್ಯೋಗ. ಅವನಪ್ಪನ ಉದ್ಯೋಗವೂ ಅದೇ. ಒಂದು ದಿನ ಹೋದವರು ದಂಡೆಗೆ ಬರಲಿಲ್ಲ. ಇವನು ಪ್ರತಿ ಬೇಸಿಗೆ ಬೆನ್ನುನೋವಿಗೆ ಯೋಗ ಕಲಿಯಲು ಪುಣೆಗೆ ಬರುತ್ತಾನೆ. ನಮ್ಮ ಅಂಗಡಿಯಿರುವ ಕ್ಯಾಂಪ್ ಪೇಟೆಯ ಬೀದಿಯಲ್ಲೆಲ್ಲ ಚಡ್ಡಿಯಲ್ಲೇ ತಿರುಗುತ್ತಾನೆ. ಅಲೆಗೆ ತೊಡುವ ಚಡ್ಡಿಯನ್ನು ಡೇರೆಯ ದಪ್ಪ ಬಟ್ಟೆಯಲ್ಲಿ ನಮ್ಮಪ್ಪ ಶಿವಪುತ್ರಪ್ಪ ಹೊಲಿದುಕೊಟ್ಟಿದ್ದರು. ಅದು ಹರಿದರೆ ರಿಪೇರಿ ಮಾಡುವವಳು ನಾನು.

ಸಮುದ್ರವನ್ನು ನಾನು ಕಣ್ಣಾರೆ ನೋಡಿಲ್ಲ; ಅಲ್ಲಿ ಅವನಿಗೆ ಏನಾಯಿತೆಂದು ಚಡ್ಡಿ ನೋಡಿಯೇ ತಿಳಿಯುತ್ತಿದ್ದೆ. ತೊಡೆಯ ಹತ್ತಿರ ಬಟ್ಟೆ ಸವೆದಿದ್ದರೆ ಬಂಡೆಗೆ ಉಜ್ಜಿದ್ದಾನೆ. ನಡುಪಟ್ಟಿ ಕಿತ್ತಿದ್ದರೆ ನೀರೊಳಗೆ ಉರುಳಿದ್ದಾನೆ. ಹೊಲಿಗೆಯೊಳಗೆ ಕೂತ ಉಪ್ಪು ಸೂಜಿಗೆ ಕರಕರ ಎನ್ನುತ್ತಿತ್ತು. ಪ್ರತಿ ವರ್ಷ ಕಣ್ಣೊರೆಸಿಕೊಂಡು ಹೊಲಿಯುತ್ತಿದ್ದೆ, ಮತ್ತೆ ಹರಿದುಕೊಳ್ಳಲು ಕಳಿಸುತ್ತಿದ್ದೆ. ಮನಸ್ಸಿನಲ್ಲಿದ್ದುದನ್ನು ಅವನೂ ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನನಗೆ ಇಪ್ಪತ್ತೊಂಬತ್ತು. ಇವತ್ತು ಸಂಜೆಯೊಳಗೆ ಅಪ್ಪ ಬಾಗಲಕೋಟೆಯ ಗಂಡಿನವರಿಗೆ ಉತ್ತರ ಬರೆಯಬೇಕಿತ್ತು.

"ಈ ವರ್ಷ ಹೆಂಗಿತ್ರಿ?" ಎಂದೆ.

"ಭಾಳ ದೊಡ್ಡ ಅಲೆ. ಭಾಳ ಹರದದ."

ಅವನು ಕೊಟ್ಟ ಚಡ್ಡಿಯ ಮಡಿಕೆ ಬಿಚ್ಚಿ ನೋಡಿದೆ. ನಡುಪಟ್ಟಿ ತುಂಡಾಗಿತ್ತು. ಆದರೆ ಹೊಲಿಗೆಯಲ್ಲಿ ಉಪ್ಪಿನ ಹರಳು ಒಂದೂ ಇಲ್ಲ. ಹೋದ ವರ್ಷ ನಾನು ಹಾಕಿದ ಸೀಮೆಸುಣ್ಣದ ಗೆರೆ ಹಾಗೆಯೇ ಇದೆ. ತುಂಡಾದ ಅಂಚು ನೆಟ್ಟಗಿದೆ.

"ಇದು ನೀರ ಕಂಡಿಲ್ಲ. ಕತ್ತರೀಲೆ ಕತ್ತರಿಸಿದ್ದು ಯಾರು?"

ಅವನ ಕಿವಿ ಕೆಂಪಾದವು. "ಅವ್ವ. ಕತ್ತರಿಸಿ ಕೊಟ್ಟು, ಪುಣೆಕ್ಕ ಹೋಗು ಅಂದ್ಲು."

ನಗು ಬಂತು, ನುಂಗಿದೆ. ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಇಷ್ಟು ದಣಿದ ಮುಖ ನಾನು ನೋಡಿರಲಿಲ್ಲ.

"ಮೂರು ತಿಂಗಳು ದಂಡೀ ಮ್ಯಾಲೆ ನಿಂತೆ. ಇಳೀಲಿಕ್ಕೆ ಆಗ್ಲಿಲ್ಲ. ಅಂಜಿಕಿ. ಮೊದಲ ನೀರಿಂದ ಜೀವಂತ ವಾಪಸ್ ಬರಬೇಕು ಅಂತ ಇರ್ಲಿಲ್ಲ. ಈಗ ಬರಬೇಕು ಅನಸ್ತದ."

"ಎಲ್ಲಿಗೆ?"

"ಇಲ್ಲಿಗೆ." ತಲೆ ತಗ್ಗಿಸಿದ. "ರೊಕ್ಕ ಕೊಡ್ತಿದ್ದ ಹಲಗಿ ಕಂಪನಿಯವರು ಕೈ ಬಿಟ್ರು. ಈಗ ನಾನು ಏನೂ ಅಲ್ರಿ."

"ಮತ್ತ ಸುಳ್ಳ್ಯಾಕ ಹೇಳಿದ್ರಿ?"

"ಹರೀಲಾರದ ಚಡ್ಡಿ ತಂದಿದ್ರ ಒಳಗ ಕರೀತಿದ್ರೇನು?"

ಆರು ವರ್ಷದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಒಳಗಿನಿಂದ ಅಪ್ಪನ ದನಿ ಬಂತು. "ಇಂದೂ, ಬಾಗಲಕೋಟಿಯವರಿಗೆ ಏನಂತ ಬರೀಲಿ?"

"ಬ್ಯಾಡ ಅಂತ ಬರಿ, ಅಪ್ಪಾ."

ಚಡ್ಡಿಯನ್ನು ಮಡಚಿ ಚಿಂದಿಯ ಚೀಲಕ್ಕೆ ಹಾಕಿದೆ. ಟೇಪು ತೆಗೆದುಕೊಂಡೆ. ಇಷ್ಟು ದಿನ ಅವನ ಅಳತೆ ತೆಗೆದವರು ಅಪ್ಪ.

"ಎದ್ದು ನಿಲ್ರಿ."

ನಡುವಿನಿಂದ ಟೇಪು ಇಳಿಬಿಟ್ಟೆ. ಮೊಣಕಾಲು ದಾಟಿ ಹಿಮ್ಮಡಿಯವರೆಗೂ ಇಳಿಸಿದೆ.

"ಏನು ಹೊಲೀತೀರಿ?"

"ಪ್ಯಾಂಟು," ಎಂದೆ. "ಅಪ್ಪನ ಮುಂದ ಹೆಣ್ಣು ಕೇಳ್ಲಿಕ್ಕೆ ಚಡ್ಡೀಲೇ ಬರ್ತೀರೇನು?"