ಮಂಗಳಾ ಕದ್ದ ರೋಟರ್

"ಅಯ್ಯೋ ಮಾರಾಯ್ರೇ, ಹಿಂಗೆ ದಾರಿಗೆ ಅಡ್ಡ ಕಾಲು ಚಾಚ್ತಾರೇನ್ರೀ?"

ಕೊಟ್ಟಿಗೆಗೆ ಬಂದ ಸರ್ವಮಂಗಳಾ, ಕಾರಿನಡಿಯಿಂದ ಚಾಚಿದ್ದ ಕಾಲು ಎಡವಿ ಬಿದ್ದಿದ್ದಳು. ಕಾಲಿನ ಒಡೆಯ ತೆವಳುತ್ತ ಹೊರಬಂದ. ಹೊನ್ನಾಳಿಯ ಮೆಕ್ಯಾನಿಕ್ ಮರುಳಸಿದ್ದಪ್ಪ. ಮುಖವೆಲ್ಲ ಗ್ರೀಸು, ನಡುವೆ ಒಂದು ನಗು.

"ಕಣ್ಣು ಬಿಟ್ಕೊಂಡು ಬರಬೇಕಪ್ಪ ಜನ."

ಸಿಟ್ಟು ನೆತ್ತಿಗೇರಿತು! ಹೆಸರಲ್ಲೇ ಮರುಳು, ಅಂದುಕೊಂಡಳು. ಆದರೂ ಆ ನಗು... ಛೇ!

ಅದು ಎಪ್ಪತ್ತೆಂಟನೇ ಇಸವಿ. ನ್ಯಾಮತಿಯ ಆ ಮನೆಯಲ್ಲಿ ಅಜ್ಜ ತೀರಿಕೊಂಡಾಗಿನಿಂದ ಕಾರು ಹುಲ್ಲಿನಡಿಯಲ್ಲೇ ಬಿದ್ದಿತ್ತು. "ಇಂಗ್ಲೆಂಡಿನ ಕಾರು!" ಎಂದು ಅಪ್ಪ ಕೊಟ್ರಬಸಪ್ಪ ಊರೆಲ್ಲ ಹೇಳಿಕೊಂಡಿದ್ದರು. ಅದನ್ನು ಕೇಳಿಯೇ ಜಗಳೂರಿನವರು ಸಂಬಂಧಕ್ಕೆ ಒಪ್ಪಿದ್ದು. ಕಾರು ಓಡಿದ ದಿನವೇ ನಿಶ್ಚಿತಾರ್ಥ. ಮಂಗಳಾಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮರುಳಸಿದ್ದಪ್ಪ ಬಾನೆಟ್ ಎತ್ತಿ, ಒಳಗೆ ಕಂಪನಿ ಹೆಸರು ಕೊರೆದಿದ್ದ ತಗಡಿನ ಧೂಳು ಒರೆಸಿ ಓದಿದ. "ಇಂಗ್ಲೆಂಡೂ ಇಲ್ಲ, ಏನೂ ಇಲ್ರೀ. ಇದು ಲ್ಯಾಂಡ್‌ಮಾಸ್ಟರ್. ಕಲ್ಕತ್ತಾ ಕಡೇದು."

"ನೀನು ರಿಪೇರಿ ಮಾಡಾಕೆ ಬಂದಿದೀಯೋ, ಜಾತಕ ಓದಾಕೋ?" ಅಪ್ಪ ಗದರಿದರು.

ಅವನು ಸೀಟಿನೊಳಗಿನ ಇಲಿಗೂಡು ಕಿತ್ತ. ಕೆಟ್ಟ ಪೆಟ್ರೋಲು ಚೆಲ್ಲಿದ. ಕಚ್ಚಿಕೊಂಡಿದ್ದ ಇಂಜಿನ್ನಿಗೆ ಎಣ್ಣೆ ಬಿಟ್ಟು ಬಿಡಿಸಿದ. ಕೊನೆಗೆ ಹೆಬ್ಬೆರಳಿನಷ್ಟು ಸಣ್ಣದೊಂದನ್ನು ಅವಳಿಗೆ ತೋರಿಸಿದ.

"ಇದು ರೋಟರ್. ಇದಿಲ್ಲ ಅಂದ್ರೆ ಇಡೀ ಕಾರು ಬರೀ ಕಬ್ಬಿಣ."

ಮರುದಿನ ರೋಟರ್ ಮಾಯ! ಹೊಸದು ಹಾಕಿದ. ಅದೂ ಮಾಯ!

"ಇಲಿ ಹೊತ್ಕೊಂಡು ಹೋಗೈತೆ," ಎಂದು ತಲೆ ಕೆರೆದುಕೊಳ್ಳುತ್ತ ಮತ್ತೊಂದು ತರಲು ದಾವಣಗೆರೆಗೆ ಹೊರಟ.

ಈ ಗಂಡಸರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು ನೋಡಿ!

'ಇಲಿಯಂತೆ ಇಲಿ! ಕಾರು ಹೊರಟರೆ ನಾನೂ ಹೊರಡಬೇಕು... ಅಷ್ಟೂ ತಿಳಿಯಲ್ವಾ?' ಸೆರಗಿನ ಗಂಟು ಬಿಗಿ ಮಾಡುತ್ತ ಮಂಗಳಾ ಅತ್ತೇಬಿಟ್ಟಳು.

ಶುಕ್ರವಾರ ಜಗಳೂರಿನವರು ಕಾರು ನೋಡಲೆಂದೇ ಬಂದರು. ಗಂಡಿನ ತಂದೆ ಬಾನೆಟ್ ಎತ್ತಿಸಿ, ಆ ತಗಡನ್ನೇ ಓದಿದರು.

"ಈ ಡಬ್ಬಾ ನೋಡಾಕೆ ಅಲ್ಲಿಂದ ಬಂದ್ವಾ?"

ಕೊಟ್ರಬಸಪ್ಪ ಕೆಂಡವಾದರು. "ನಮ್ಮಪ್ಪ ಓಡಾಡಿದ ಕಾರಿಗೆ ಡಬ್ಬಾ ಅಂತೀರಾ? ನಡೀರಿ ಆಚೆ! ಈ ಸಂಬಂಧಾನೇ ಬ್ಯಾಡ!"

ಅವರು ಹೋದದ್ದೇ ತಡ, ಮಂಗಳಾ ಕೊಟ್ಟಿಗೆಗೆ ಓಡಿದಳು. ಸೆರಗಿನ ಗಂಟು ಬಿಚ್ಚಿ ಎರಡು ರೋಟರ್ ಮರುಳಸಿದ್ದಪ್ಪನ ಮುಂದೆ ಹಿಡಿದಳು.

"ತಗೊಳ್ರಿ! ಕದ್ದೋಳು ನಾನು. ಕಾರು ಓಡಿಸಿ, ನೀವೂ ಹೋಗ್ರಿ... ಏನೂ ತಿಳಿಯದ ಮರುಳ!"

ಅವನು ಎರಡನ್ನೂ ಇಸಿದುಕೊಂಡು, ಜೇಬಿನಿಂದ ಮೂರನೆಯದೊಂದನ್ನು ತೆಗೆದ.

"ಮೊದಲನೇದು ಮಾಯ ಆದ ದಿನವೇ ತಿಳೀತು. ನಿಮ್ಮ ಕಿವಿಗೆ ಗ್ರೀಸ್ ಮೆತ್ತಿತ್ತು."

"ಮತ್ತೆ... ದಾವಣಗೆರೆ?"

"ಎಲ್ಲಿ ದಾವಣಗೆರೆ? ಬಸ್‌ಸ್ಟ್ಯಾಂಡಿನಾಗೆ ಚಾ ಕುಡೀತಾ ಕೂತಿದ್ದೆ."

"ಗೊತ್ತಿದ್ದೂ ಸುಮ್ನಿದ್ರಾ? ನಾನೆಷ್ಟು ಒದ್ದಾಡಿದೆ!"

"ಇದನ್ನ ಹಾಕಿದ್ರೆ ಕಾರು ಹೊರಡ್ತಿತ್ತು. ನೀವೂ ಹೊರಡ್ತಿದ್ರಿ." ಅವನ ದನಿ ಇಳಿಯಿತು. "ನನಗದು ಬ್ಯಾಡಾಗಿತ್ತು, ಮಂಗಳಾ."

ರೋಟರ್ ಕೂರಿಸಿ ಕೀ ತಿರುಗಿಸಿದ. ಕಾರು ಕೆಮ್ಮಿತು, ನಡುಗಿತು, ಗುಡುಗಿತು! ಒಳಗಿನಿಂದ ಅಪ್ಪ "ಹೊರಟಿತೇನಪ್ಪಾ?" ಎಂದು ಓಡಿಬರುತ್ತಿದ್ದರು.

"ಅವರನ್ನ ಕೂರಿಸ್ಕೊಂಡು ಊರು ಸುತ್ತಿಸ್ತೀನಿ. ಅವರು ಇಳಿಯೋಕೆ ಮುಂಚೆ ನಿಮ್ಮನ್ನ ನನಗೆ ಕೊಡ್ರಿ ಅಂತ ಕೇಳ್ತೀನಿ," ಎಂದ.

"ಅಪ್ಪ ಇಲ್ಲ ಅಂದ್ರೆ?"

ಉಳಿದೆರಡು ರೋಟರ್‌ಗಳನ್ನು ಅವನು ಅವಳ ಅಂಗೈಗೇ ಹಾಕಿದ.

"ಮತ್ತೆ ಕದೀರಿ. ನಾನು ರಿಪೇರಿಗೆ ಬರ್ತಾನೇ ಇರ್ತೀನಿ."

ಅವಳು ಕಣ್ಣೊರೆಸಿಕೊಂಡು ಅವನ್ನು ಸೆರಗಿಗೆ ಗಂಟು ಹಾಕಿದಳು.

"ಇವತ್ತೇ ಕೇಳ್ರಿ... ನನಗಿನ್ನು ಕದಿಯೋ ತಾಳ್ಮೆ ಇಲ್ಲ!"